ಗಟ್ಟಿಯಾಗಿ ಓದಿ ನೋಡಿದ ಎಂಟು ಪುಸ್ತಕಗಳು

ಮೈಸೂರಿನ ಸರಸ್ವತಿಪುರಂನಲ್ಲಿರುವ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರ ಮನೆಯ ಹಜಾರದಲ್ಲಿ, 2025ರ ಜನವರಿಯಿಂದ ಡಿಸೆಂಬರಿನವರೆಗೆ ತಿಂಗಳಿಗೊಂದು ಭಾನುವಾರದಂತೆ ಸೇರಿ, ನಾವು ಎಂಟು ಮಂದಿ ಎಂಟು ಪುಸ್ತಕಗಳನ್ನು ಓದಿದೆವು. ಮೇಷ್ಟ್ರು, ಅವರ ಪತ್ನಿ, ಚಾಮರಾಜನಗರದ ಕಡೆಯವರಾದ ನಿವೃತ್ತ ಬಸ್ ಕಂಡಕ್ಟರ್, ತೀರ್ಥಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದ ಗೃಹಿಣಿ, ಮನೆಯಲ್ಲಿ ದಖನಿ ಉರ್ದು ಮಾತನಾಡುವ ನರ್ಸ್, ಅಣ್ಣತಮ್ಮಂದಿರೊಡನೆ ಒಂದೇ ಮನೆಯಲ್ಲಿದ್ದು ಔಷಧಿ ಅಂಗಡಿ ನಡೆಸುವ ಒಬ್ಬರು, ಕಲಬುರಗಿಯಿಂದ ಇಂಜಿನಿಯರಿಂಗ್ ಓದಲು ಬಂದ ಹುಡುಗ, ಮತ್ತು ನಾನು. ಒಬ್ಬೊಬ್ಬರು ಒಂದೊಂದು ಪುಸ್ತಕವನ್ನು ಆರಿಸಿದ್ದರಿಂದ ಪಟ್ಟಿಯಲ್ಲಿ ಯಾವ ಹೊಂದಿಕೆಯೂ ಇರಲಿಲ್ಲ: ಸಸ್ಯಗಳ ಪ್ರವಾಸಕಥನದ ಪಕ್ಕದಲ್ಲಿ ಪೋರ್ಚುಗಲ್ಲಿನ ಹಡಗುಗಳು, ಮಡಿ ಹೆಂಗಸಿನ ಬಾಳಿನ ಪಕ್ಕದಲ್ಲಿ ಬೆಂಗಳೂರಿನ ಮಸಾಲೆ ವ್ಯಾಪಾರ. ಆದರೆ ಮೇಷ್ಟ್ರು ಮೊದಲ ದಿನವೇ ಒಂದು ನಿಯಮ ಮಾಡಿದರು. ಪುಸ್ತಕ ಚೆನ್ನಾಗಿದೆ ಎನ್ನುವವರೂ ಚೆನ್ನಾಗಿಲ್ಲ ಎನ್ನುವವರೂ ತಮಗೆ ಹಾಗೆ ಅನ್ನಿಸಿದ ಪುಟವನ್ನು ಮೊದಲು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಬೇಕು, ಅಭಿಪ್ರಾಯ ಆಮೇಲೆ. ಅವರ ತಂದೆ ಹಳ್ಳಿಯ ಜಗಲಿಯಲ್ಲಿ ಕುಮಾರವ್ಯಾಸನನ್ನು ವಾಚಿಸುತ್ತಿದ್ದರಂತೆ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ಕೇಳುವುದು ಎಂಬ ಗಮಕದ ಕ್ರಮ ಅವರಿಗೆ ಬಾಲ್ಯದಿಂದಲೇ ಗೊತ್ತಿತ್ತು.

ಈ ನಿಯಮದಿಂದ ನನ್ನ ಹಲವು ಹಳೆಯ ಅಭಿಪ್ರಾಯಗಳು ಬದಲಾದವು. ಒಬ್ಬರೇ ಕೂತು ಕಣ್ಣಿನಲ್ಲಿ ಓದುವಾಗ ದೊಡ್ಡದೆನಿಸಿದ ಪುಸ್ತಕಗಳು ಕೆಲವು ಸಣ್ಣದಾದವು, ಕಷ್ಟವೆಂದು ಬದಿಗಿಟ್ಟದ್ದು ಸುಲಭವಾಯಿತು. ಕೊಳ್ಳುವವರಿಗೆ ಮತ್ತು ತಮ್ಮ ಮನೆಯಲ್ಲಿ ಇಂಥದೇ ಕೂಟ ಕಟ್ಟಬಯಸುವವರಿಗೆ ಉಪಯೋಗವಾದೀತೆಂದು, ಆ ಎಂಟು ಪುಸ್ತಕಗಳ ಬಗ್ಗೆ ನಮ್ಮಲ್ಲಿ ಬಂದ ಮಾತುಗಳನ್ನೂ ನನ್ನ ತೀರ್ಮಾನವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅತಿ ದೊಡ್ಡ ಬದಲಾವಣೆಯಾದದ್ದು ದೇವನೂರ ಮಹಾದೇವ ಅವರ ಕುಸುಮಬಾಲೆಯ ವಿಷಯದಲ್ಲಿ. 1984ರಲ್ಲಿ ಬಂದ, 1990ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ಗಾತ್ರದಲ್ಲಿ ತೀರ ಚಿಕ್ಕದು. ಒಂದು ರಾತ್ರಿಯಲ್ಲಿ ಮುಗಿಯಬಹುದಾದಷ್ಟು. ಆದರೂ ನಮ್ಮಲ್ಲಿ ಐವರು ಹಿಂದೆ ಯಾವಾಗಲೋ ಅದನ್ನು ಕೈಗೆತ್ತಿಕೊಂಡು ಹತ್ತಿಪ್ಪತ್ತು ಪುಟಗಳಲ್ಲಿ ನಿಲ್ಲಿಸಿದ್ದೆವು. ನಂಜನಗೂಡು, ಚಾಮರಾಜನಗರದ ಸೀಮೆಯ ಆಡುಮಾತು ಅದರಲ್ಲಿ ಪಾತ್ರಗಳ ಬಾಯಲ್ಲಿ ಮಾತ್ರವಿಲ್ಲ, ಕತೆ ಹೇಳುವ ದನಿಯೂ ಅದೇ. ಅಚ್ಚಿನ ಕನ್ನಡಕ್ಕೆ ಒಗ್ಗಿದ ಕಣ್ಣು ಪ್ರತಿ ಪದದ ಮುಂದೆಯೂ ನಿಂತು, ಇದು ಯಾವ ಪದದ ಯಾವ ರೂಪವೆಂದು ಹುಡುಕತೊಡಗುತ್ತದೆ, ಅಷ್ಟರಲ್ಲಿ ವಾಕ್ಯದ ಲಯ ಕೈತಪ್ಪುತ್ತದೆ. ಇದನ್ನು ಆರಿಸಿದ ಕಂಡಕ್ಟರ್ ನಮ್ಮ ತಕರಾರನ್ನೆಲ್ಲ ಕೇಳಿ, "ಇದ ಕಣ್ಣಲ್ಲಿ ಓದಕಾಗದಿಲ್ಲ ಮೇಷ್ಟ್ರೇ, ಕಿವೀಲಿ ಓದ್ಬೇಕು" ಎಂದು ಹೇಳಿ ಪುಸ್ತಕ ತೆರೆದರು.

ಅವರು ಓದಿದ್ದು ಜೋತಮ್ಮಗಳು ಸೇರುವ ಭಾಗ. ರಾತ್ರಿ ಊರು ಮಲಗಿದ ಮೇಲೆ ಮನೆಮನೆಯ ದೀಪಗಳ ಒಡತಿಯರಾದ ಈ ಜೋತಮ್ಮಗಳು ಒಂದೆಡೆ ಕೂಡಿ, ತಂತಮ್ಮ ಮನೆಯಲ್ಲಿ ನಡೆದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕಂಡಕ್ಟರ್ ಎಲ್ಲಿಯೂ ತಡವರಿಸಲಿಲ್ಲ. ವಾಕ್ಯದ ಕೊನೆಯನ್ನು ನೀಲಗಾರರು ಮಂಟೇಸ್ವಾಮಿಯ ಕತೆ ಹಾಡುವಾಗ ಎಳೆಯುವ ಹಾಗೆ ತುಸು ಎಳೆದರು, ಎರಡು ಜೋತಮ್ಮಗಳ ದನಿಯನ್ನು ಬೇರೆ ಬೇರೆ ಮಾಡಿದರು. ನಮಗೆ ಪುಟದ ಮೇಲೆ ಗಂಟುಗಂಟಾಗಿ ಕಂಡಿದ್ದ ಪದಗಳು ಕಿವಿಗೆ ಬಿದ್ದಾಗ ದಿನವೂ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ ಕೇಳುವ ಮಾತುಗಳೇ ಆಗಿದ್ದವು. ಕಲಬುರಗಿಯ ಹುಡುಗ ತಾನು ಅಡಿಗೆರೆ ಹಾಕಿಟ್ಟುಕೊಂಡಿದ್ದ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಕೇಳಲೇ ಇಲ್ಲ. ಸಂದರ್ಭದಿಂದಲೇ ಅವು ತಿಳಿದಿದ್ದವು. ದಲಿತರ ಚೆನ್ನ ಮತ್ತು ಮೇಲ್ಜಾತಿಯ ಮನೆಯ ಕುಸುಮೆಯ ಪ್ರೀತಿ, ಬೊಂಬಾಯಿಗೆ ಹೋದನೆಂದು ಅವನ ಬಗ್ಗೆ ಹಬ್ಬಿದ ಮಾತಿನ ಹಿಂದೆ ಅಡಗಿರುವ ಕೊಲೆ, ಇವನ್ನು ಕಾದಂಬರಿ ನೇರವಾಗಿ ಒಂದೆಳೆಯಲ್ಲಿ ಹೇಳುವುದಿಲ್ಲ. ಮಂಚ ಮಾತನಾಡುತ್ತದೆ, ದೀಪಗಳು ಮಾತನಾಡುತ್ತವೆ, ಊರಿನವರ ಬಾಯಿಂದ ತುಣುಕು ತುಣುಕಾಗಿ ಸತ್ಯ ಹೊರಬರುತ್ತದೆ. ಹಳ್ಳಿಯಲ್ಲಿ ಮುಚ್ಚಿಟ್ಟ ಸಂಗತಿಯೊಂದು ತಿಳಿಯುವುದು ಹೀಗೆಯೇ ಎಂದು ಮೇಷ್ಟ್ರ ಪತ್ನಿ ಹೇಳಿದ ಮಾತು ನನಗೆ ಆ ಪುಸ್ತಕದ ಮೇಲೆ ನಾನು ಓದಿದ ವಿಮರ್ಶೆಗಳಿಗಿಂತ ಹೆಚ್ಚು ಸಹಾಯ ಮಾಡಿತು.

ಒಂದು ಕೊರತೆಯನ್ನೂ ಹೇಳಬೇಕು. ಮನೆತನದ ಸಂಬಂಧಗಳು, ಯಾರು ಯಾರ ಮಗ, ಯಾರು ಯಾರಿಗೆ ದತ್ತು ಎಂಬುದು ಕೇಳುವವರಿಗೂ ಗೋಜಲಾಯಿತು, ಕೊನೆಗೆ ನರ್ಸ್ ಗೆಳತಿ ಒಂದು ಹಾಳೆಯ ಮೇಲೆ ವಂಶವೃಕ್ಷ ಬರೆದು ನಡುವೆ ಇಟ್ಟರು. ಮೊದಲ ಸಲ ಓದುವವರು ಹಾಗೆ ಒಂದು ಹಾಳೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅದರ ಜೊತೆಗೆ, ಆ ಸೀಮೆಯ ಒಬ್ಬರನ್ನು ಮನೆಗೆ ಕರೆದು ಮೊದಲ ಇಪ್ಪತ್ತು ಪುಟಗಳನ್ನು ಅವರಿಂದ ಓದಿಸಿಕೊಳ್ಳಿ ಎಂದು ಮನಸಾರೆ ಹೇಳುತ್ತೇನೆ. ಉಳಿದದ್ದನ್ನು ನೀವೇ ಓದಿಕೊಳ್ಳುವಿರಿ, ಏಕೆಂದರೆ ಆ ದನಿ ಆಮೇಲೆ ನಿಮ್ಮ ಕಿವಿಯಲ್ಲಿ ಉಳಿದಿರುತ್ತದೆ.

ನಾನು ಆರಿಸಿದ್ದು ವಿವೇಕ ಶಾನಭಾಗರ ಘಾಚರ್ ಘೋಚರ್. 2013ರಲ್ಲಿ ಬಂದ ಇದನ್ನು ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದ ಮೇಲೆ ಹೊರದೇಶಗಳ ಓದುಗರೂ ಮೆಚ್ಚಿಕೊಂಡರು. ಕಾಫಿ ಹೌಸಿನಲ್ಲಿ ಕೂತ ಯುವಕನೊಬ್ಬ ತನ್ನ ಮನೆಯ ಕತೆ ಹೇಳುತ್ತಾನೆ: ಅಪ್ಪನ ಕೆಲಸ ಹೋಯಿತು, ಚಿಕ್ಕಪ್ಪ ಸೋನಾ ಮಸಾಲಾ ಎಂಬ ವ್ಯಾಪಾರ ಶುರುಮಾಡಿದ, ಇರುವೆಗಳ ಕಾಟದ ಹಳೆಯ ಮನೆಯಿಂದ ದೊಡ್ಡ ಮನೆಗೆ ಬಂದರು, ಹಣ ಬಂತು. ಮನೆಯ ಎಲ್ಲರೂ ದುಡಿಯುವ ಒಬ್ಬನ ಸುತ್ತ ಕೋಟೆ ಕಟ್ಟಿ ನಿಂತರು. ಅನಿತಾ ಎಂಬ ಸೊಸೆ ಮಾತ್ರ ಆ ಕೋಟೆಯೊಳಗಿದ್ದೂ ಸೇರಲಿಲ್ಲ. ಗಾಳಿಪಟದ ದಾರ ಬಿಡಿಸಲಾಗದಂತೆ ಸಿಕ್ಕಾದಾಗ ಅವಳೂ ಅವಳ ತಮ್ಮನೂ ಬಾಲ್ಯದಲ್ಲಿ ಕಟ್ಟಿಕೊಂಡ ಪದವೇ ಪುಸ್ತಕದ ಹೆಸರು.

ಈ ಪುಸ್ತಕ ಗಟ್ಟಿಯಾಗಿ ಓದಲು ತಕ್ಕದ್ದಲ್ಲ, ಇದರ ತಣ್ಣಗಿನ ದನಿ ಮೌನದಲ್ಲಿಯೇ ಚೆನ್ನ ಎಂದು ನಾನು ಭಾವಿಸಿದ್ದೆ. ಆದದ್ದು ಬೇರೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರು ಸೇರಿ ಬೈದು ಅಟ್ಟುವ ಭಾಗವನ್ನು ಔಷಧಿ ಅಂಗಡಿಯವರು ಓದಿದರು. ಅವರ ದನಿ ಮೆತ್ತಗಿನದು, ನಯವಾದದ್ದು. ಕಾದಂಬರಿಯ ನಿರೂಪಕನದೂ ಅಂಥದೇ ಇರಬೇಕು. ಓದು ಮುಗಿಯುವಷ್ಟರಲ್ಲಿ ನಾವೆಲ್ಲರೂ, ಪಾಪ, ಮನೆಯವರು ಇನ್ನೇನು ಮಾಡಿಯಾರು ಎಂಬಂತೆ ತಲೆಯಾಡಿಸುತ್ತಿದ್ದೆವು. ಆಮೇಲೆ ನರ್ಸ್ ಗೆಳತಿ ಕೇಳಿದರು: "ಬಾಗಿಲಲ್ಲಿ ನಿಂತಿದ್ದವಳ ಕಡೆಯಿಂದ ನಾವು ಯಾರೂ ಯೋಚಿಸಲೇ ಇಲ್ಲವಲ್ಲ?" ಆ ಪ್ರಶ್ನೆಯ ನಂತರ ಹಜಾರದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನಿರೂಪಕನ ಸೌಮ್ಯತೆ ಕೇಳುಗರನ್ನು ಎಷ್ಟು ಸಲೀಸಾಗಿ ತನ್ನ ಪಕ್ಷಕ್ಕೆ ಎಳೆದುಕೊಳ್ಳುತ್ತದೆಂಬುದು ಮೌನವಾಗಿ ಮೂರು ಸಲ ಓದಿದ್ದ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಔಷಧಿ ಅಂಗಡಿಯವರು ಮಾತ್ರ ತಮ್ಮ ಅಭಿಪ್ರಾಯ ಬಿಡಲಿಲ್ಲ. ಕೂಡುಕುಟುಂಬದಲ್ಲಿ ದುಡಿಯುವವನನ್ನು ಉಳಿದವರು ಕಾಯುವುದು ಸಹಜ, ಅದನ್ನು ಲೇಖಕರು ಅನುಮಾನದ ಕಣ್ಣಿನಿಂದಲೇ ನೋಡಿದ್ದಾರೆ, ಅಣ್ಣತಮ್ಮಂದಿರ ನಡುವಣ ಪ್ರೀತಿಗೆ ಪುಸ್ತಕದಲ್ಲಿ ಜಾಗವೇ ಇಲ್ಲ ಎಂಬುದು ಅವರ ದೂರು. ನಾನು ಒಪ್ಪುವುದಿಲ್ಲ, ಬಡತನದ ದಿನಗಳಲ್ಲಿ ಆ ಮನೆಯವರು ಪುಟ್ಟ ಮನೆಯೊಳಗೆ ಒಬ್ಬರಿಗೊಬ್ಬರು ಆಗಿ ಬರುತ್ತಿದ್ದ ಪುಟಗಳಲ್ಲಿ ಆ ಪ್ರೀತಿ ದಟ್ಟವಾಗಿದೆ, ಹಣ ಬಂದ ಮೇಲೆ ಅದೇ ಪ್ರೀತಿ ಬೇರೆ ರೂಪ ತಾಳುವುದೇ ಅಲ್ಲಿನ ಭಯ. ಇನ್ನೊಂದು ಮಾತು: ಕನ್ನಡದಲ್ಲಿ ಇದು ಒಂದು ಸಂಕಲನದ ಶೀರ್ಷಿಕೆಯ ಕತೆ. ಇಂಗ್ಲಿಷಿನಲ್ಲಿ ಇದೊಂದೇ ಪುಸ್ತಕವಾಗಿ ಬಂದದ್ದರಿಂದ ಜೊತೆಗಿರುವ ಕತೆಗಳ ಮಾತು ಯಾರೂ ಎತ್ತುವುದಿಲ್ಲ. ಕನ್ನಡ ಓದುಗರು ಆ ತಪ್ಪು ಮಾಡಬಾರದು.

ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಬಗ್ಗೆ ಹೆಚ್ಚು ಚರ್ಚೆ ನಡೆಯಲಿಲ್ಲ, ಏಕೆಂದರೆ ಭಿನ್ನಾಭಿಪ್ರಾಯವಿರಲಿಲ್ಲ. 1980ರ ಈ ಕಾದಂಬರಿಯಲ್ಲಿ ಐದು ಪುಟ ಓದೋಣವೆಂದು ಶುರುಮಾಡಿದ್ದು ಮೂವತ್ತು ಪುಟ ದಾಟಿತು. ಮಂದಣ್ಣನ ಜೇನು, ಅವನ ಮದುವೆ, ಕಿವಿ ಎಂಬ ನಾಯಿಯ ಓಡಾಟ, ಬಿರಿಯಾನಿ ಕರಿಯಪ್ಪನ ಮಾತು, ಎಲ್ಲಕ್ಕೂ ಹಜಾರ ನಗುತ್ತಿತ್ತು. ಆದರೆ ಇದನ್ನು ಬರೀ ನಗಿಸುವ ಪುಸ್ತಕವೆಂದು, ಮಕ್ಕಳಿಗೆ ಕೊಡುವ ಪುಸ್ತಕವೆಂದು ಶಿಫಾರಸು ಮಾಡುವವರಿಗೆ ನನ್ನದೊಂದು ಆಕ್ಷೇಪವಿದೆ. ಮೂಡಿಗೆರೆಯ ಆ ಉಡಾಳ ಹುಡುಗ ಮಂದಣ್ಣನಲ್ಲಿ ಒಬ್ಬ ವಿಜ್ಞಾನಿ ಗುರುತಿಸುವ ಜ್ಞಾನವನ್ನು ಅವನ ಊರು ಗುರುತಿಸುವುದಿಲ್ಲ. ಹಾರುವ ಓತಿಯ ಬೆನ್ನು ಹತ್ತಿ ಹೋಗುವ ಪಯಣದುದ್ದಕ್ಕೂ ಆ ನೋವು ನಗೆಯ ಕೆಳಗೆ ಹರಿಯುತ್ತಿರುತ್ತದೆ. ಕೊನೆಯಲ್ಲಿ ಕಮರಿಯ ಅಂಚಿನಲ್ಲಿ ಎಲ್ಲರೂ ನಿಂತು ನೋಡುವ ಪುಟಗಳನ್ನು ಹುಡುಗ ಓದುವಾಗ, ಅಷ್ಟು ಹೊತ್ತು ನಕ್ಕಿದ್ದವರು ಉಸಿರು ಬಿಗಿ ಹಿಡಿದಿದ್ದರು. ಓದುವ ಅಭ್ಯಾಸವೇ ಇಲ್ಲದವರ ಕೂಟವೊಂದನ್ನು ಆರಂಭಿಸಬೇಕಾದರೆ ಮೊದಲು ಇದನ್ನೇ ಇಟ್ಟುಕೊಳ್ಳಿ.

ಮೇಷ್ಟ್ರ ಪತ್ನಿ ಆರಿಸಿದ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಹಜಾರದಲ್ಲಿ ಸೋತಿತು, ಬಯಲಿನಲ್ಲಿ ಗೆದ್ದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸ್ವಾಮಿಯವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಬೆಟ್ಟ ಸುತ್ತಿದ ಕಥನವಿದು. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಲ್ಯಾಟಿನ್ ಹೆಸರುಗಳು, ಎಲೆಯ ಜೋಡಣೆ, ಹೂವಿನ ಅಂಗಗಳ ವಿವರಣೆ ಕೂತು ಕೇಳುವವರಿಗೆ ಭಾರವಾದವು. ಅರ್ಧ ಗಂಟೆಯಲ್ಲಿ ಇಬ್ಬರು ಆಕಳಿಸಿದರು. ಆಗ ಅವರು, "ಮುಂದಿನ ತಿಂಗಳು ಇದನ್ನೇ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓದೋಣ" ಎಂದರು. ಏರಿಯ ಮೇಲೆ ನಡೆಯುತ್ತ, ಪುಸ್ತಕದಲ್ಲಿ ಬರುವ ಒಂದೆರಡು ಗಿಡಗಳ ಹತ್ತಿರದ ಬಂಧುಗಳ ಮುಂದೆ ನಿಂತು, ಎಲೆಯನ್ನು ಕೈಯಲ್ಲಿ ಹಿಡಿದು ಅದೇ ಭಾಗಗಳನ್ನು ಓದಿದಾಗ ವಿವರಣೆಯ ಪ್ರತಿ ಪದಕ್ಕೂ ಕೆಲಸ ಸಿಕ್ಕಿತು. ವಿದ್ಯಾರ್ಥಿಗಳ ತುಂಟತನ, ಪ್ರವಾಸದ ಪಡಿಪಾಟಲು, ಅಧ್ಯಾಪಕರ ಪರಿಹಾಸ್ಯ ಇವೆಲ್ಲ ಗಿಡದ ವಿಷಯವನ್ನು ಕಲಿಸಲು ಲೇಖಕರು ಮಾಡಿಕೊಂಡ ದಾರಿ ಎಂಬುದು ಅಲ್ಲಿ ಅರ್ಥವಾಯಿತು. ಸ್ವಾಮಿಯವರೇ ಬರೆದ ರೇಖಾಚಿತ್ರಗಳು ಈ ಪುಸ್ತಕದ ಜೀವ. ನಮ್ಮ ಕೈಗೆ ಬಂದ ಪ್ರತಿಯೊಂದರಲ್ಲಿ ಆ ಗೆರೆಗಳು ಮಸಕಾಗಿ ಒಂದರೊಳಗೊಂದು ಸೇರಿಹೋಗಿದ್ದವು. ಕೊಳ್ಳುವ ಮುನ್ನ ಚಿತ್ರಗಳಿರುವ ಪುಟಗಳನ್ನು ತೆರೆದು ನೋಡಿಕೊಳ್ಳುವುದು ಅಗತ್ಯ.

ಪ್ರತಿಗಳ ಮಾತು ಬಂದದ್ದರಿಂದ ಹೇಳುತ್ತೇನೆ. ನಾವು ಎಲ್ಲ ಪುಸ್ತಕಗಳನ್ನೂ ಎಂಟೆಂಟು ಕೊಳ್ಳಲಿಲ್ಲ. ಅರ್ಧದಷ್ಟು ಸಾರ್ವಜನಿಕ ಗ್ರಂಥಾಲಯದಿಂದ ತಂದವು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವಾಗಿ ನಮ್ಮಿಂದ ಸಂಗ್ರಹವಾಗುತ್ತದೆ. ಸದಸ್ಯತ್ವ ಮಾಡಿಸಿಕೊಂಡು ಪುಸ್ತಕ ಕೇಳುವವರು ಹೆಚ್ಚಿದರೆ ಒಳ್ಳೆಯ ಪುಸ್ತಕಗಳ ಹೆಚ್ಚಿನ ಪ್ರತಿಗಳನ್ನು ತರಿಸುವಂತೆ ಕೇಳುವ ಬಲವೂ ನಮಗೆ ಬರುತ್ತದೆ.

ಎಂ.ಕೆ. ಇಂದಿರಾ ಅವರ ಫಣಿಯಮ್ಮ ಮೇಲೆ ನಡೆದ ವಾದ ನಮ್ಮ ಕೂಟದ ಅತ್ಯಂತ ಗಂಭೀರವಾದ ವಾದ. ಬಾಲ್ಯದಲ್ಲೇ ಮದುವೆಯಾಗಿ, ಬೇಗನೆ ವಿಧವೆಯಾಗಿ, ತಲೆ ಬೋಳಿಸಿಕೊಂಡು ಒಪ್ಪೊತ್ತಿನ ಊಟದಲ್ಲಿ ನೂರಕ್ಕೂ ಹೆಚ್ಚು ವರ್ಷ ಬಾಳಿದ ಮಲೆನಾಡಿನ ಹೆಣ್ಣೊಬ್ಬಳ ಕತೆ ಇದು. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದರು. ತೀರ್ಥಹಳ್ಳಿಯ ಗೆಳತಿ ಇದನ್ನು ಆರಿಸಿದ್ದು ತಮ್ಮ ತವರಿನ ದೊಡ್ಡಮ್ಮನ ನೆನಪಿಗಾಗಿ. ಅವರು ಓದಿದ ಪುಟಗಳಲ್ಲಿ ಅಡುಗೆಮನೆ, ಹಿತ್ತಿಲು, ಮಡಿಬಟ್ಟೆ, ಅಡಿಕೆ ಸುಲಿಯುವ ಅಂಗಳ ಎಲ್ಲ ಅವರ ಬಾಯಲ್ಲಿ ನೆನ್ನೆಯದೆಂಬಂತೆ ಬಂದವು. ನರ್ಸ್ ಗೆಳತಿಗೆ ಮಾತ್ರ ಸಿಟ್ಟು ಬಂದಿತ್ತು. ಫಣಿಯಮ್ಮನ ಸಹನೆಯನ್ನು ಲೇಖಕಿ ಅತಿಯಾಗಿ ಕೊಂಡಾಡಿದ್ದಾರೆ, ಅನ್ಯಾಯವನ್ನು ನುಂಗಿದವಳನ್ನು ದೇವತೆಯಾಗಿಸಿದರೆ ನುಂಗಿಸಿದವರು ಪಾರಾಗುತ್ತಾರೆ ಎಂದು ಅವರು ವಾದಿಸಿದರು. ಹಲವು ಪುಟಗಳ ಮಟ್ಟಿಗೆ ಅವರ ಮಾತು ಸರಿ. ಆದರೆ ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಣಿಯ ಪ್ರಸಂಗವನ್ನು ಓದಿದ ಮೇಲೆ ಮಾತು ಬೇರೆ ದಿಕ್ಕಿಗೆ ತಿರುಗಿತು. ಜೀವಮಾನವಿಡೀ ನಿಯಮ ಮೀರದೆ ಬಾಳಿದ್ದರಿಂದ ಬಂದ ಮರ್ಯಾದೆಯನ್ನೆಲ್ಲ ಮುದುಕಿ ಆ ದಿನ ಆ ಹುಡುಗಿಯ ಪರವಾಗಿ ಬಳಸುತ್ತಾಳೆ. ಹೆರಿಗೆಯ ನೋವಿನಲ್ಲಿರುವವಳ ಬಳಿಗೆ ಜಾತಿ ನೋಡದೆ ಹೋಗುವುದೂ ಅದೇ ಬಗೆಯದು. ತನಗೆ ದಕ್ಕದೇ ಹೋದದ್ದು ಇನ್ನೊಬ್ಬಳಿಗೆ ದಕ್ಕಲಿ ಎಂಬ ಆ ನಿಲುವು ಬರಿಯ ಸಹನೆಯಲ್ಲ ಎಂದು ನನಗನಿಸುತ್ತದೆ. ನರ್ಸ್ ಗೆಳತಿ ಇಂದಿಗೂ ಪೂರ್ತಿ ಒಪ್ಪಿಲ್ಲ. ಭಾಷೆ ಸರಳ, ಗಾತ್ರ ಚಿಕ್ಕದು. ಅಜ್ಜಿ, ತಾಯಿ, ಮಗಳು ಒಟ್ಟಿಗೆ ಕೂತು ಓದಬಹುದಾದ ಪುಸ್ತಕ.

ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಗೊತ್ತಾದಾಗ ನರ್ಸ್ ಗೆಳತಿ ತಮ್ಮ ಆಯ್ಕೆಯನ್ನು ಬದಲಿಸಿ, ಆ ಕತೆಗಳನ್ನೇ ಓದೋಣವೆಂದರು. ಕನ್ನಡಕ್ಕೆ ಮೊದಲ ಸಲ ಬಂದ ಆ ಪ್ರಶಸ್ತಿ ಸಣ್ಣಕತೆಗಳ ಸಂಕಲನವೊಂದಕ್ಕೆ ದೊರೆತದ್ದೂ ಅದೇ ಮೊದಲು. 50,000 ಪೌಂಡುಗಳನ್ನು ಲೇಖಕಿ ಮತ್ತು ಅನುವಾದಕಿ ಸಮವಾಗಿ ಹಂಚಿಕೊಳ್ಳುವ ಪದ್ಧತಿ ಅಲ್ಲಿನದು. 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಹನ್ನೆರಡನ್ನು ಆರಿಸಿ ಹಾರ್ಟ್ ಲ್ಯಾಂಪ್ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತರಲಾಗಿದೆ. ಹುಡುಗನ ಬಳಿ ಇಂಗ್ಲಿಷ್ ಪುಸ್ತಕವಿತ್ತು, ಉಳಿದವರ ಬಳಿ ಕನ್ನಡದ ಕತೆಗಳಿದ್ದವು, ಆದ್ದರಿಂದ ಒಂದೇ ಕತೆಯನ್ನು ಎರಡು ಭಾಷೆಗಳಲ್ಲಿ ಒಂದಾದ ಮೇಲೊಂದರಂತೆ ಕೇಳುವ ಅವಕಾಶ ನಮಗೆ ದೊರೆಯಿತು.

ನಾವು ಹಾಗೆ ಕೇಳಿದ್ದು ಎದೆಯ ಹಣತೆ. ಗಂಡನಿಗೆ ಇನ್ನೊಬ್ಬಳಿದ್ದಾಳೆಂದು ತಿಳಿದು ಕೂಸನ್ನೆತ್ತಿಕೊಂಡು ತವರಿಗೆ ಬರುವ ಮೆಹರುನ್‌ಳನ್ನು ಅಣ್ಣಂದಿರು ಮನೆಯ ಮಾನದ ಹೆಸರಿನಲ್ಲಿ ವಾಪಸ್ಸು ಕರೆದೊಯ್ದು ಬಿಡುತ್ತಾರೆ; ಆ ರಾತ್ರಿ ಅವಳು ಸೀಮೆಎಣ್ಣೆಯ ಡಬ್ಬಿ ಹಿಡಿದು ಹೊರಗೆ ನಡೆದಾಗ ತಡೆಯುವವಳು ಮಗಳು ಸಲ್ಮಾ. ನರ್ಸ್ ಗೆಳತಿ ಕನ್ನಡದಲ್ಲಿ ಓದಿದರು. ಅಕ್ಕ, ತಮ್ಮ, ಅಮ್ಮನನ್ನು ಕರೆಯುವ ಉರ್ದು ಪದಗಳು ಅವರ ಬಾಯಲ್ಲಿ ಕನ್ನಡದ ವಾಕ್ಯದೊಳಗೆ ಯಾವ ಅಂಚೂ ಕಾಣದಂತೆ ಸೇರಿಕೊಂಡವು. ನಮ್ಮ ಮನೆಗಳಲ್ಲಿ ಮಾತನಾಡುವುದೇ ಹೀಗೆ, ಒಂದು ವಾಕ್ಯದಲ್ಲಿ ಎರಡು ಭಾಷೆ ಎಂದು ಅವರು ಹೇಳಿದರು. ಇಂಗ್ಲಿಷ್ ಅನುವಾದದಲ್ಲಿ ದೀಪಾ ಭಾಸ್ತಿ ಕನ್ನಡ, ಉರ್ದು, ಅರೇಬಿಕ್ ಪದಗಳನ್ನು ಓರೆ ಅಕ್ಷರಗಳಲ್ಲಿ ಬೇರೆ ಮಾಡಿ ತೋರಿಸದೆ, ಅಡಿಟಿಪ್ಪಣಿ ಹಾಕದೆ ಹಾಗೆಯೇ ಉಳಿಸಿದ್ದಾರೆ. ಹುಡುಗ ಓದುವಾಗ ಇಂಗ್ಲಿಷ್ ವಾಕ್ಯವೂ ನಮ್ಮ ಬೀದಿಯ ಉಸಿರಿನಲ್ಲಿಯೇ ಕೇಳಿಸಿತು. ಇಂಗ್ಲಿಷ್ ಬಲ್ಲ ಕನ್ನಡಿಗರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಅನುವಾದವೆಂಬ ಕೆಲಸದ ಬಗ್ಗೆ ಬಹಳಷ್ಟು ತಿಳಿಯುತ್ತದೆ.

ಎಲ್ಲ ಕತೆಗಳೂ ಒಂದೇ ಮಟ್ಟದವಲ್ಲ. ಹಾಸನದಲ್ಲಿ ವಕೀಲರಾಗಿ, ಬಂಡಾಯ ಚಳವಳಿಯ ಒಡನಾಡಿಯಾಗಿ, ಪತ್ರಿಕೆಗೆ ವರದಿ ಬರೆದವರಾಗಿ ಕಂಡುಂಡ ಅನ್ಯಾಯಗಳನ್ನು ಹೇಳುವ ಆತುರದಲ್ಲಿ ಕೆಲವೆಡೆ ಲೇಖಕಿಯ ದನಿ ಪಾತ್ರದ ದನಿಯನ್ನು ಮೀರುತ್ತದೆ ಎಂದು ಮೇಷ್ಟ್ರು ಹೇಳಿದರು, ಒಂದು ಪುಟ ಓದಿ ತೋರಿಸಿದರು. ನನಗೂ ಹಾಗನಿಸಿತ್ತು. ಆದರೆ ಒಮ್ಮೆ ಹೆಣ್ಣಾಗು ಪ್ರಭುವೇ ಎಂಬ ಕತೆ, ದೇವರಿಗೇ ಸಲ್ಲಿಸಿದ ಅಹವಾಲಿನಂತಿರುವುದರಿಂದ, ಗಟ್ಟಿಯಾಗಿ ಓದಿದಾಗಲೇ ತನ್ನ ಪೂರ್ಣ ಶಕ್ತಿಯನ್ನು ತೋರಿತು. ನೇರವಾದ ಮಾತು ಅಲ್ಲಿ ದೋಷವಲ್ಲ, ಅದೇ ಕತೆಯ ರೂಪ. ಗೋಬಿ ಮಂಚೂರಿಯ ಹುಚ್ಚು ಹಿಡಿದ ಅರೇಬಿಕ್ ಮೇಷ್ಟ್ರ ಕತೆಗೆ ಮೊದಲು ನಕ್ಕವರು ಆಮೇಲೆ ನಗು ನಿಲ್ಲಿಸಿದರು. ಪ್ರಶಸ್ತಿಯ ಕಾರಣಕ್ಕಾಗಿ ಕೊಂಡವರು ಅದನ್ನು ಮರೆತು ಈ ಮೂರು ಕತೆಗಳಿಂದ ಆರಂಭಿಸಲಿ.

ವಸುಧೇಂದ್ರರ ತೇಜೋ ತುಂಗಭದ್ರಾ ಹುಡುಗನ ಆಯ್ಕೆ. 2019ರ ಈ ದೊಡ್ಡ ಕಾದಂಬರಿಯನ್ನು ಅವನು ಪರೀಕ್ಷೆಯ ನಡುವೆಯೇ ಮೂರು ರಾತ್ರಿಗಳಲ್ಲಿ ಮುಗಿಸಿದ್ದ. ಲಿಸ್ಬನ್ನಿನ ತೇಜೋ ನದಿ, ವಿಜಯನಗರದ ತುಂಗಭದ್ರೆ, ನಡುವೆ ಕಡಲು. ಗೇಬ್ರಿಯಲ್, ಬೆಲ್ಲಾ, ಹಂಪಮ್ಮ, ಕೇಶವ ಎಂಬ ಸಾಮಾನ್ಯರು ಮತಾಂತರ, ವ್ಯಾಪಾರ, ಯುದ್ಧಗಳ ಸುಳಿಗೆ ಸಿಕ್ಕಿ ನಲುಗುವ ಕತೆ ಓಟದಿಂದ ಸಾಗುತ್ತದೆ. ಗಟ್ಟಿಯಾಗಿ ಓದಿದಾಗ ಲಿಸ್ಬನ್ನಿನವರೂ ಹಂಪಿಯವರೂ ಒಂದೇ ಬಗೆಯ ಕನ್ನಡ ಮಾತನಾಡುತ್ತಾರೆಂಬುದು ಎದ್ದು ಕಂಡಿತು. ಅಷ್ಟು ವಿಸ್ತಾರದ ಪುಸ್ತಕದಲ್ಲಿ ಅದು ಅನಿವಾರ್ಯವೇನೋ. ಮೌನವಾಗಿ, ರಜೆಯಲ್ಲಿ, ಒಂದೇ ಬೀಸಿಗೆ ಓದಲು ಇದು ಅತ್ಯುತ್ತಮ. ಕೂಟದ ಓದಿಗೆ ಅಷ್ಟಾಗಿ ಒದಗುವುದಿಲ್ಲ.

ಮೇಷ್ಟ್ರು ತಮ್ಮ ಆಯ್ಕೆಯನ್ನು ಕೊನೆಯವರೆಗೂ ಹೇಳಿರಲಿಲ್ಲ. ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡರು. ಮುಂದಿನ ಭಾನುವಾರ ಮೇಷ್ಟ್ರು 1970ರ ಗೃಹಭಂಗದ ಹಳೆಯ ಪ್ರತಿಯೊಂದನ್ನು ಹಜಾರದ ನಡುವೆ ಇಟ್ಟರು. ಭೈರಪ್ಪನವರ ವಿಚಾರಗಳ ಬಗ್ಗೆ ನಮ್ಮಲ್ಲಿ ತೀವ್ರ ಭಿನ್ನಾಭಿಪ್ರಾಯಗಳಿದ್ದವು. ಅವನ್ನೆಲ್ಲ ಬಾಗಿಲ ಹೊರಗಿಟ್ಟು ಈ ಒಂದು ಪುಸ್ತಕದ ಪುಟಗಳ ಬಗ್ಗೆ ಮಾತ್ರ ಮಾತನಾಡುವುದೆಂದು ಒಪ್ಪಿಕೊಂಡೆವು. ಅದಕ್ಕೆ ಮೂರು ತಿಂಗಳು ಬೇಕಾಯಿತು.

ಮೊದಲ ಸಂಜೆಯೇ ತೊಡಕು ಎದುರಾಯಿತು. ಕಾದಂಬರಿಯ ನಾಯಕಿ ನಂಜಮ್ಮನ ಅತ್ತೆ, ರಾಮಸಂದ್ರದ ಗಂಗಮ್ಮನ ಬಾಯಿಂದ ಬರುವ ಬೈಗುಳಗಳನ್ನು ಹೆಂಗಸರ ಮುಂದೆ ಓದಲು ಮೇಷ್ಟ್ರಿಗೆ ನಾಲಗೆ ಬರಲಿಲ್ಲ. ಅವರು ಹಾರಿಸಿ ಓದಿದಾಗ ತೀರ್ಥಹಳ್ಳಿಯ ಗೆಳತಿಯೇ ತಡೆದು, "ಬಿಡಬೇಡಿ ಮೇಷ್ಟ್ರೇ, ನಂಜಮ್ಮ ಅದನ್ನೆಲ್ಲ ಕೇಳಿಕೊಂಡೇ ಬಾಳಿದ್ದಲ್ಲವಾ" ಎಂದರು. ಆಮೇಲೆ ಕಂಡಕ್ಟರ್ ಒಂದಕ್ಷರ ಬಿಡದೆ ಓದಿದರು. ಪುಟದ ಮೇಲೆ ಕಣ್ಣು ಬೈಗುಳವನ್ನು ಬೇಗ ದಾಟಿಬಿಡುತ್ತದೆ. ಕಿವಿಗೆ ದಾಟುವ ದಾರಿಯಿಲ್ಲ. ಅತ್ತೆ, ಮೈದುನ, ಗಂಡ ಮೂವರೂ ಅದೇ ಮಾತುಗಳಿಂದ ದಿನ ತುಂಬಿಸುವ ಮನೆಯಲ್ಲಿ ಒಬ್ಬ ಹೆಣ್ಣು ಶಾನುಭೋಗಿಕೆಯ ಲೆಕ್ಕವನ್ನು ಗಂಡನ ಬದಲು ತಾನೇ ಬರೆದು, ಮಕ್ಕಳ ಹೊಟ್ಟೆ ತುಂಬಿಸಿ, ಕೊನೆಗೆ ಒಂದು ಮನೆ ಕಟ್ಟಬೇಕೆಂಬ ಆಸೆ ಹೊತ್ತದ್ದು ಎಂಥ ಸಾಹಸವೆಂದು ಆ ಸಂಜೆ ಮೈಗೆ ತಟ್ಟಿತು.

ನಂಜಮ್ಮನ ಗಂಡ ಚೆನ್ನಿಗರಾಯನ ಬಗ್ಗೆ ನನ್ನ ಆಕ್ಷೇಪ ಹಾಗೆಯೇ ಉಳಿದಿದೆ. ಹೊಟ್ಟೆಬಾಕತನ, ಸೋಮಾರಿತನ ಬಿಟ್ಟು ಆ ಮನುಷ್ಯನ ಒಳಗೆ ಏನಿತ್ತೆಂದು ಕಾದಂಬರಿ ಒಮ್ಮೆಯೂ ಇಣುಕಿ ನೋಡುವುದಿಲ್ಲ. ಅಷ್ಟು ದೊಡ್ಡ ಪುಸ್ತಕದಲ್ಲಿ ಅವನು ಮೊದಲ ಪುಟದಲ್ಲಿದ್ದಂತೆಯೇ ಕೊನೆಯಲ್ಲೂ ಇದ್ದಾನೆ. ಹಾಗಿರುವವರು ಇರುತ್ತಾರೆ ಎಂದು ಮೇಷ್ಟ್ರು ಉತ್ತರ ಕೊಟ್ಟರು. ಮನೆ ಮನೆ ಭಿಕ್ಷೆಗೆ ಹೋಗುವ ಮಾದೇವಯ್ಯನವರ ಪಾತ್ರದ ಬಗ್ಗೆ ಮಾತ್ರ ಎಲ್ಲರೂ ಒಂದೇ ಮನಸ್ಸಿನವರಾಗಿದ್ದೆವು: ರಕ್ತಸಂಬಂಧಿಗಳೆಲ್ಲ ಕೈಬಿಟ್ಟ ಕಡೆಯಲ್ಲಿ ಆ ಜಂಗಮನಿಂದ ಬರುವ ಆಸರೆ ಪುಸ್ತಕದ ಬೆಳಕು.

ಪ್ಲೇಗಿನ ಭಾಗ ಡಿಸೆಂಬರಿಗೆ ಉಳಿಯಿತು. ಭೈರಪ್ಪನವರು ತಮ್ಮ ತಾಯಿಯನ್ನೂ ಒಡಹುಟ್ಟಿದವರನ್ನೂ ಬಾಲ್ಯದಲ್ಲಿ ಅದೇ ರೋಗಕ್ಕೆ ಕಳೆದುಕೊಂಡವರು. ನಂಜಮ್ಮನ ಮಕ್ಕಳಾದ ಪಾರ್ವತಿ ಮತ್ತು ರಾಮಣ್ಣ ತೀರಿಹೋಗುವ ಪುಟಗಳನ್ನು ಓದಲು ಹಿರಿಯರು ಯಾರೂ ಮುಂದೆ ಬರಲಿಲ್ಲ. ಹುಡುಗ ತನ್ನ ಕಲಬುರಗಿಯ ಉಚ್ಚಾರದಲ್ಲಿ, ಅವಸರವಿಲ್ಲದೆ, ದನಿ ಏರಿಳಿಸದೆ ಓದಿದ. ಲೇಖಕರೂ ಅಲ್ಲಿ ದನಿ ಏರಿಸಿಲ್ಲ. ಗಡ್ಡೆ ಎದ್ದದ್ದು, ಜ್ವರ ಏರಿದ್ದು, ಊರು ಬಿಟ್ಟು ಗುಡಿಸಲು ಹಾಕಿಕೊಂಡದ್ದು, ಯಾರನ್ನು ಯಾರು ಹೊತ್ತೊಯ್ದರೆಂಬುದು, ಇಷ್ಟನ್ನೇ ಹೇಳುತ್ತ ಹೋಗುತ್ತಾರೆ. ಇಂಥ ಜಾಗದಲ್ಲಿ ಒಂದು ವಿಶೇಷಣವೂ ಹೆಚ್ಚಾಗಬಾರದೆಂಬ ತಿಳಿವಳಿಕೆ ಆ ಗದ್ಯಕ್ಕಿದೆ, ಮತ್ತು ಅದು ನನಗೆ ಗೊತ್ತಾದದ್ದು ಪ್ರತಿ ಪದವನ್ನೂ ಕೇಳಿಸಿಕೊಂಡಿದ್ದರಿಂದ.

ಹುಡುಗ ಮುಗಿಸಿದ ಮೇಲೆ ಮೇಷ್ಟ್ರ ಪತ್ನಿ ಹಿಂದಿನ ಅಧ್ಯಾಯಗಳಿಗೆ ಹೋಗಿ, ನಂಜಮ್ಮ ಮುತ್ತುಗದ ಎಲೆ ಹಚ್ಚಿ ಕಾಸು ಕೂಡಿಸುವ ಭಾಗವನ್ನು ಇನ್ನೊಮ್ಮೆ ಓದು ಎಂದು ಕೇಳಿದರು. ಅವನಿಗೆ ಎಲೆ ಹಚ್ಚುವುದೆಂದರೆ ಏನೆಂದು ಗೊತ್ತಿರಲಿಲ್ಲ. ಅವನು ಓದುತ್ತ ಹೋದಂತೆ ಅವರು ಬರಿಗೈಯಲ್ಲೇ ಎಲೆಯ ಮೇಲೆ ಎಲೆಯಿಟ್ಟು, ಕಡ್ಡಿ ಚುಚ್ಚಿ, ಮುರಿದು, ಮತ್ತೆ ಚುಚ್ಚಿ ತೋರಿಸಿದರು. ಹುಡುಗ ಒಂದೊಂದು ವಾಕ್ಯಕ್ಕೂ ತಲೆಯೆತ್ತಿ ಆ ಕೈಗಳನ್ನು ನೋಡಿ ಮುಂದಿನ ವಾಕ್ಯಕ್ಕೆ ಹೋದ.